ಫೋನಿನಲ್ಲಿ ಬೀಟ್ ಕಟ್ಟುವವರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಮೊಬೈಲ್ ಫೋನಿನಲ್ಲೇ ಬೀಟ್, ಅಂದರೆ ಇಲೆಕ್ಟ್ರಾನಿಕ್ ಸದ್ದುಗಳ ಲಯದ ತುಣುಕು, ಕಟ್ಟುವವರ ಪತ್ರಗಳು ಹೆಚ್ಚಾಗಿದ್ದುದರಿಂದ ಇಡೀ ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. 15,000 ರೂಪಾಯಿಯ ಆಂಡ್ರಾಯ್ಡ್ ಫೋನ್ ಬಿಟ್ಟರೆ ಸಂಗೀತಕ್ಕೆಂದು ನನ್ನ ಬಳಿ ಬೇರೇನೂ ಇಲ್ಲ. ಕಾಲೇಜಿಗೆ ಮೆಟ್ರೊದಲ್ಲಿ ಹೋಗಿಬರುವಾಗ ಬೀಟ್ ಮಾಡಬೇಕೆಂಬ ಆಸೆ. ಸಿಂಥ್ ಆ್ಯಪ್‌ಗಳನ್ನು ಒಂದರ ಮೇಲೊಂದು ಇಳಿಸಿಕೊಂಡಿದ್ದೇನೆ, ಚಂದದ ಸದ್ದುಗಳೂ ಸಿಕ್ಕಿವೆ, ಆದರೆ ಇದುವರೆಗೆ ಒಂದು ಹಾಡೂ ಮುಗಿದಿಲ್ಲ. ಯಾವ ಸಿಂಥ್ ಕೊಳ್ಳಲಿ?
— ಓದುಗರು, ರಾಜಾಜಿನಗರ

ಉತ್ತರ: ಸದ್ಯಕ್ಕೆ ಯಾವ ಸಿಂಥನ್ನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿಯೇ ಕಾರಣವಿದೆ: ಸದ್ದು ಸಿಕ್ಕಿದೆ, ಅದನ್ನು ಜೋಡಿಸುವ ಜಾಗ ಸಿಕ್ಕಿಲ್ಲ. ಆ್ಯಪ್ ಅಂಗಡಿಯಲ್ಲಿ ಎಲ್ಲವೂ ‘ಮ್ಯೂಸಿಕ್ ಆ್ಯಪ್’ ಎಂಬ ಒಂದೇ ಹೆಸರಿನಡಿ ಸಿಗುತ್ತವಾದರೂ ಅವುಗಳಲ್ಲಿ ಮೂರು ಬಗೆಗಳಿವೆ. ವಿದ್ಯುತ್ ಅಲೆಯ ಲೆಕ್ಕಾಚಾರದಿಂದ ಸದ್ದನ್ನು ಹೊಸದಾಗಿ ಹುಟ್ಟಿಸುವುದು ಸಿಂಥ್, ಅಂದರೆ ಸಿಂಥಸೈಜರ್. ಹೊರಗಿನ ಸದ್ದನ್ನು ಹಿಡಿದು, ಕತ್ತರಿಸಿ, ಬೆರಳ ತುದಿಯಲ್ಲಿ ನುಡಿಸಲು ಕೊಡುವುದು ಸ್ಯಾಂಪ್ಲರ್. ಈ ಎರಡರ ಫಲವನ್ನೂ ಟ್ರ್ಯಾಕುಗಳಲ್ಲಿ ಇಟ್ಟು, ಪಲ್ಲವಿ ಚರಣಗಳಾಗಿ ಜೋಡಿಸಿ, ಮಟ್ಟ ಸರಿಪಡಿಸಿ, ಕೊನೆಗೆ ಒಂದು ಫೈಲಾಗಿ ಹೊರಗೆ ಕಳಿಸುವುದು ಸ್ಟುಡಿಯೊ ಆ್ಯಪ್. ಹಾಡು ಸಾಮಾನ್ಯವಾಗಿ ಮುಗಿಯುವುದು ಈ ಮೂರನೆಯದರಲ್ಲಿ.

ಆಂಡ್ರಾಯ್ಡ್ ಬಳಸುವವರಿಗೆ ಈ ವ್ಯತ್ಯಾಸ ಇನ್ನಷ್ಟು ಮುಖ್ಯ. ಆ್ಯಪಲ್ ಸಂಸ್ಥೆ 2015ರಲ್ಲಿ ಐಒಎಸ್ 9ರೊಂದಿಗೆ ‘ಆಡಿಯೊ ಯೂನಿಟ್’ ಎಂಬ ವ್ಯವಸ್ಥೆಯನ್ನು ತಂದಾಗಿನಿಂದ ಒಬ್ಬರು ಮಾಡಿದ ಸಿಂಥನ್ನು ಇನ್ನೊಬ್ಬರ ಸ್ಟುಡಿಯೊ ಆ್ಯಪ್‌ನ ಒಳಗೇ ತೆರೆದು ನುಡಿಸಬಹುದಾಗಿದೆ. ಆಂಡ್ರಾಯ್ಡ್‌ನಲ್ಲಿ ಹಾಗೆ ಎಲ್ಲರೂ ಒಪ್ಪಿ ನಡೆಯುವ ದಾರಿ ಬೇರೂರಿಲ್ಲ. ಆದ್ದರಿಂದ ನೀವು ಇಳಿಸಿಕೊಂಡಿರುವ ಪ್ರತಿಯೊಂದು ಸಿಂಥ್ ತನ್ನ ಕೋಣೆಯಲ್ಲಿ ಒಂಟಿಯಾಗಿ ಕುಳಿತಿರುತ್ತದೆ. ಅದರ ಸದ್ದು ಬೇಕಾದರೆ ಅದರೊಳಗೇ ರೆಕಾರ್ಡ್ ಮಾಡಿ, ಸದ್ದನ್ನು ಸಂಕುಚಿತಗೊಳಿಸದೆ ಇಡುವ ವೇವ್ ಫೈಲಾಗಿ ಉಳಿಸಿ, ಬಳಿಕ ಸ್ಟುಡಿಯೊ ಆ್ಯಪ್‌ಗೆ ಕರೆದುಕೊಳ್ಳಬೇಕು. ಮೆಟ್ರೊದಲ್ಲಿ ನಿಂತುಕೊಂಡು ಇಷ್ಟೆಲ್ಲ ಮಾಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಹೀಗಾಗಿ, ಒಳಗೇ ಸಿಂಥ್, ಡ್ರಮ್, ಸದ್ದುಗಳನ್ನು ಸಾಲಾಗಿ ಜೋಡಿಸಿ ನುಡಿಸುವ ಸೀಕ್ವೆನ್ಸರ್ ಎಲ್ಲವೂ ಇರುವ ಒಂದೇ ಆ್ಯಪ್ ಆರಿಸಿಕೊಳ್ಳಿ. ಹಣ ಖರ್ಚಾಗಬಾರದೆಂದರೆ ಬ್ಯಾಂಡ್‌ಲ್ಯಾಬ್ ಉಚಿತವಾಗಿ ಸಿಗುತ್ತದೆ. ಖಾತೆ ತೆರೆದು ಅಂತರ್ಜಾಲದ ಮೂಲಕ ಕೆಲಸವನ್ನು ಉಳಿಸುವ ಪದ್ಧತಿಯದಾದ್ದರಿಂದ ಗೆಳೆಯರೊಡನೆ ಹಂಚಿಕೊಂಡು ಹಾಡು ಕಟ್ಟುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಸಿಂಥ್‌ನ ಒಳಹೊರಗನ್ನು ಕಲಿಯುವ ಮನಸ್ಸಿದ್ದರೆ ನನ್ನ ಆಯ್ಕೆ ಎಫ್‌ಎಲ್ ಸ್ಟುಡಿಯೊ ಮೊಬೈಲ್. ಅದಕ್ಕೆ ಒಮ್ಮೆ ಹಣ ಕೊಡಬೇಕು, ಆದರೆ ಅದರೊಳಗಿನ ಸಿಂಥ್‌ಗಳು ಕಲಿಕೆಗೆ ಸಾಕಷ್ಟು ಆಳವಾಗಿವೆ, ಮುಂದೆ ಕಂಪ್ಯೂಟರ್ ಕೊಂಡಾಗ ಅದೇ ಕೆಲಸವನ್ನು ದೊಡ್ಡ ಎಫ್‌ಎಲ್ ಸ್ಟುಡಿಯೊದಲ್ಲಿ ತೆರೆಯಲೂಬಹುದು. ಮೂರನೆಯ ಆಯ್ಕೆ ಕೋಆಲಾ ಎಂಬ ಸ್ಯಾಂಪ್ಲರ್. 64 ಸದ್ದುಗಳನ್ನು ಹಿಡಿದಿಟ್ಟುಕೊಳ್ಳುವ ಈ ಪುಟ್ಟ ಆ್ಯಪ್‌ನಲ್ಲಿ ಮೈಕ್‌ನಿಂದ ಸದ್ದು ಹಿಡಿದ ಕ್ಷಣವೇ ಅದನ್ನು ಪ್ಯಾಡಿನ, ಅಂದರೆ ತೆರೆಯ ಮೇಲಿನ ಚೌಕದ, ಮೇಲೆ ಬಾರಿಸಬಹುದು. ನಿಂತ ಜಾಗದಲ್ಲಿ, ಒಂದೇ ಕೈಯಲ್ಲಿ, ಅಂತರ್ಜಾಲವಿಲ್ಲದೆ ಕೆಲಸ ಮಾಡಲು ಇದಕ್ಕಿಂತ ಅನುಕೂಲವಾದದ್ದನ್ನು ನಾನು ಬಳಸಿಲ್ಲ. ಗೂಗಲ್ ಪ್ಲೇಯಲ್ಲಿ ಕೊಂಡ ಆ್ಯಪ್ ಹಿಡಿಸದಿದ್ದರೆ 48 ಗಂಟೆಗಳ ಒಳಗೆ ಹಣ ಹಿಂದಿರುಗಿಸುವಂತೆ ಕೋರಬಹುದು, ಆದ್ದರಿಂದ ಬಿಡುವಿರುವ ಶನಿವಾರ ಬೆಳಿಗ್ಗೆ ಕೊಂಡು ಅಂದೇ ಪೂರ್ತಿ ಪರೀಕ್ಷಿಸಿ.

ಆರಿಸಿದ ಮೇಲೆ ಸಿದ್ಧ ಸದ್ದುಗಳ ಪಟ್ಟಿಯನ್ನು ಮುಚ್ಚಿಟ್ಟು ಒಂದು ಕಿಕ್ ಸದ್ದನ್ನು, ಅಂದರೆ ಡ್ರಮ್ಮಿನ ತಗ್ಗಿನ ಪೆಟ್ಟನ್ನು, ನೀವೇ ಮಾಡಿ ನೋಡಿ. ರೋಲ್ಯಾಂಡ್ ಸಂಸ್ಥೆ 1980ರಲ್ಲಿ ಹೊರತಂದ ಟಿಆರ್-808 ಡ್ರಮ್ ಮಷಿನ್‌ನಲ್ಲಿ ನಿಜವಾದ ಡ್ರಮ್ಮಿನ ಧ್ವನಿಮುದ್ರಣ ಇರಲಿಲ್ಲ. ಇಂದಿಗೂ ಎಲ್ಲರೂ ಬಯಸುವ ಅದರ ಆ ಉದ್ದನೆಯ ಗುಂಯ್ ಸದ್ದು ವಿದ್ಯುತ್ ಸರ್ಕ್ಯೂಟಿನಲ್ಲಿ ಹುಟ್ಟಿದ ಸರಳ ಸೈನ್ ಅಲೆಯಂಥದ್ದೇ. ಯಾವುದೇ ಸಿಂಥ್‌ನಲ್ಲಿ ಸೈನ್ ಅಲೆಯನ್ನು ಆರಿಸಿ, ಸದ್ದು ತಟ್ಟನೆ ಎದ್ದು ಅರ್ಧ ಸೆಕೆಂಡಿನಲ್ಲಿ ಆರಿಹೋಗುವಂತೆ, ಸದ್ದಿನ ಏರಿಳಿತವನ್ನು ನಿಯಂತ್ರಿಸುವ ಎನ್ವಲಪ್ ಹೊಂದಿಸಿ, ಸ್ಥಾಯಿಯು ಮೊದಲ ಕ್ಷಣದಲ್ಲಿ ಸುಮಾರು 150 ಹರ್ಟ್ಸ್‌ನಿಂದ 50 ಹರ್ಟ್ಸ್‌ಗೆ ಜಾರುವಂತೆ ಮಾಡಿದರೆ ಕಿಕ್ ಸಿದ್ಧವಾಗುತ್ತದೆ. ಬಿಳಿ ಗದ್ದಲವನ್ನು, ಅಂದರೆ ನಾಯ್ಸ್ ಅಲೆಯನ್ನು, ಮೊಟಕುಗೊಳಿಸಿ ಫಿಲ್ಟರಿನಿಂದ ಕೆಳಗಿನ ಸ್ಥಾಯಿಗಳನ್ನು ತೆಗೆದರೆ ಹೈಹ್ಯಾಟ್, ಅಂದರೆ ಡ್ರಮ್ ಸೆಟ್ಟಿನ ಜೋಡಿ ತಾಳದ ಸದ್ದು. ಈ ಎರಡು ಸದ್ದನ್ನು ಕೈಯಾರೆ ಮಾಡಿದವರಿಗೆ ಅಲೆ, ಫಿಲ್ಟರ್, ಎನ್ವಲಪ್ ಎಂಬ ಮೂರೂ ಅರ್ಥವಾಗಿರುತ್ತವೆ, ಮತ್ತು ಮುಂದೆ ಯಾವ ಹೊಸ ಸಿಂಥ್ ತೆರೆದರೂ ಅದರ ಗುಂಡಿಗಳು ಪರಿಚಿತವಾಗಿಯೇ ಕಾಣುತ್ತವೆ.

ಒಂದು ಎಚ್ಚರಿಕೆ: ಹೀಗೆ ಮಾಡಿದ 50 ಹರ್ಟ್ಸ್ ಕಿಕ್ ನಿಮ್ಮ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಇಯರ್‌ಫೋನ್ ಹಾಕಿಕೊಂಡೇ ಮಾಡಿ.

ಪ್ರಶ್ನೆ: ಪ್ಯಾಡ್ ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ ಸದ್ದು ಬರುತ್ತದೆ. ಆ್ಯಪ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ನನ್ನ ಬಳಿ ಒಳ್ಳೆಯ ಬ್ಲೂಟೂತ್ ಇಯರ್‌ಬಡ್ ಇದೆ. ದೋಷ ಎಲ್ಲಿದೆ?
— ಓದುಗರು, ಯಲಹಂಕ

ಉತ್ತರ: ಬಹುಮಟ್ಟಿಗೆ ಆ ಇಯರ್‌ಬಡ್‌ನಲ್ಲಿಯೇ ಇದೆ. ಬ್ಲೂಟೂತ್ ಸದ್ದನ್ನು ಸಂಕುಚಿತಗೊಳಿಸಿ, ಕಳಿಸಿ, ಮತ್ತೆ ಬಿಚ್ಚುವಷ್ಟರಲ್ಲಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ಅಥವಾ ಅದಕ್ಕೂ ಹೆಚ್ಚು ಸಮಯ ಕಳೆದಿರುತ್ತದೆ. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ಒಂದು ಬೀಟಿನ ಕಾಲು ಭಾಗ ಕೇವಲ 125 ಮಿಲಿಸೆಕೆಂಡು. ಅಂದರೆ ನೀವು ಬಾರಿಸಿದ ಪೆಟ್ಟು ಅಷ್ಟರಲ್ಲಿ ಒಂದು ಮನೆ ಮುಂದಕ್ಕೆ ಹೋಗಿ ಬಿದ್ದಿರುತ್ತದೆ. ಹಾಡು ಕೇಳುವಾಗಲೋ ವಿಡಿಯೊ ನೋಡುವಾಗಲೋ ಇದು ಗಮನಕ್ಕೆ ಬರುವುದಿಲ್ಲ. ನುಡಿಸುವಾಗ ಮಾತ್ರ ಕಾಡುತ್ತದೆ. ತಂತಿಯ ಇಯರ್‌ಫೋನ್ ಬಳಸಿ. ಫೋನಿನಲ್ಲಿ ಆ ರಂಧ್ರವಿಲ್ಲದಿದ್ದರೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಯುಎಸ್‌ಬಿ-ಸಿ ಅಡಾಪ್ಟರ್ ಸಿಗುತ್ತದೆ. ಕೊಳ್ಳುವಾಗ ನಿಮ್ಮದೇ ಫೋನಿಗೆ ಚುಚ್ಚಿ ಕೇಳಿಯೇ ಹಣ ಕೊಡಿ, ಏಕೆಂದರೆ ನೋಡಲು ಒಂದೇ ರೀತಿ ಇರುವ ಅಡಾಪ್ಟರುಗಳು ಎಲ್ಲ ಫೋನುಗಳಿಗೂ ಹೊಂದುವುದಿಲ್ಲ.

ತಂತಿ ಹಾಕಿದ ಮೇಲೂ ತಡವಾಗುತ್ತಿದ್ದರೆ ಆ್ಯಪ್‌ನ ಸೆಟ್ಟಿಂಗಿನಲ್ಲಿ ‘ಬಫರ್’ ಎಂಬುದನ್ನು, ಅಂದರೆ ಸದ್ದನ್ನು ಹೊರಗೆ ಕಳಿಸುವ ಮುನ್ನ ಎಷ್ಟು ಕೂಡಿಟ್ಟುಕೊಳ್ಳಬೇಕೆಂಬ ಅಳತೆಯನ್ನು, ನೋಡಿ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಲೆಕ್ಕದಲ್ಲಿ 1,024ರ ಬಫರ್ ಎಂದರೆ ಸುಮಾರು 21 ಮಿಲಿಸೆಕೆಂಡು, 256 ಎಂದರೆ 5 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಕಡಿಮೆ ಮಾಡಿದಷ್ಟೂ ಸದ್ದು ಬೇಗ ಬರುತ್ತದೆ, ಆದರೆ ಪ್ರೊಸೆಸರಿಗೆ ಬಿಡುವು ಸಾಲದೆ ಚಟಪಟ ಸದ್ದು ಶುರುವಾಗಬಹುದು. ಆಗ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ. ಆಂಡ್ರಾಯ್ಡ್ 8.0ರಲ್ಲಿ, ಅಂದರೆ 2017ರಲ್ಲಿ, ‘ಎ-ಆಡಿಯೊ’ ಎಂಬ ವೇಗದ ದಾರಿ ಬಂದಿದೆಯಾದರೂ ಅದನ್ನು ಎಷ್ಟು ಚೆನ್ನಾಗಿ ಅಳವಡಿಸಿದ್ದಾರೆಂಬುದು ಫೋನ್ ತಯಾರಕರನ್ನು ಅವಲಂಬಿಸಿದೆ. 10 ಮಿಲಿಸೆಕೆಂಡಿನ ತಡ ಎಂದರೆ ಸುಮಾರು ಮೂರೂವರೆ ಮೀಟರ್ ದೂರದಲ್ಲಿ ಬಾರಿಸಿದ ಮೃದಂಗ ನಿಮ್ಮ ಕಿವಿಗೆ ತಲುಪಲು ಬೇಕಾಗುವಷ್ಟೇ ಸಮಯ. ಅಷ್ಟನ್ನು ಕಿವಿ ಸಹಿಸುತ್ತದೆ. 30 ದಾಟಿದರೆ ಬೆರಳಿಗೆ ಲಯ ನಿಲ್ಲುವುದಿಲ್ಲ. ಅಂಥ ಫೋನಿನಲ್ಲಿ ಬಾರಿಸುವುದನ್ನು ಬಿಟ್ಟು ಸ್ಟೆಪ್ ಸೀಕ್ವೆನ್ಸರಿನ ಮನೆಗಳಲ್ಲಿ ಒಂದೊಂದಾಗಿ ಪೆಟ್ಟುಗಳನ್ನು ಇಡುವ ಕ್ರಮವೇ ಸರಿ. ಅಲ್ಲಿ ತಡ ಅಡ್ಡಬರುವುದಿಲ್ಲ.

ಪ್ರಶ್ನೆ: ಮೃದಂಗ ಕಲಿಯುತ್ತಿದ್ದೇನೆ, ಅಕ್ಕ ವೀಣೆ ನುಡಿಸುತ್ತಾಳೆ. ಇಬ್ಬರೂ ಸೇರಿ ಏಳು ಎಣಿಕೆಯ ಮಿಶ್ರ ಛಾಪು ತಾಳದಲ್ಲಿ ಒಂದು ಇಲೆಕ್ಟ್ರಾನಿಕ್ ತುಣುಕು ಮಾಡಬೇಕೆಂದುಕೊಂಡಿದ್ದೇವೆ. ಐಫೋನಿನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಏಳರ ತಾಳವೇ ಇಲ್ಲ. ಗಮಕ ಬರುವ ಸಿಂಥ್ ಯಾವುದು?
— ಓದುಗರು, ಮಲ್ಲೇಶ್ವರ

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇದು. ಐಫೋನಿನ ಗ್ಯಾರೇಜ್‌ಬ್ಯಾಂಡ್ ನಾಲ್ಕರ, ಮೂರರ ಮತ್ತು ಆರರ ಅಳತೆಗಳನ್ನು ಮಾತ್ರ ಕೊಡುತ್ತದೆ ಎಂಬುದು ನಿಜ. ಆದರೂ ದಾರಿಯಿದೆ. ನಾಲ್ಕರ ಅಳತೆಯನ್ನೇ ಇಟ್ಟುಕೊಂಡು ವಿಭಾಗದ ಉದ್ದವನ್ನು ಏಳು ಬಾರ್‌ಗೆ, ಅಂದರೆ ನಾಲ್ಕು ಎಣಿಕೆಯ ಏಳು ಸುತ್ತಿಗೆ, ನಿಲ್ಲಿಸಿ. ನಾಲ್ಕೇಳಲಿ ಇಪ್ಪತ್ತೆಂಟು, ಅದರಲ್ಲಿ ಏಳರ ನಾಲ್ಕು ಆವರ್ತನಗಳು ಸರಿಯಾಗಿ ಕೂರುತ್ತವೆ, ಲೂಪ್ ಸಮದಿಂದ ಸಮಕ್ಕೆ ಬಂದು ಸೇರುತ್ತದೆ. ಖಂಡ ಛಾಪುವಿಗೆ ಐದು ಬಾರ್ ಇಟ್ಟರೆ ಐದರ ನಾಲ್ಕು ಆವರ್ತನ. ಆ್ಯಪ್‌ನ ಮೆಟ್ರೊನೋಮ್ ಮಾತ್ರ ನಾಲ್ಕಕ್ಕೊಮ್ಮೆ ಒತ್ತು ಕೊಟ್ಟು ದಾರಿ ತಪ್ಪಿಸುತ್ತದೆ, ಅದನ್ನು ನಿಲ್ಲಿಸಿ, ಮೂರು-ನಾಲ್ಕರ ಚಪ್ಪಾಳೆಯ ಟ್ರ್ಯಾಕೊಂದನ್ನು ನೀವೇ ಮೊದಲು ರೆಕಾರ್ಡ್ ಮಾಡಿಕೊಳ್ಳಿ. ಈ ಉಪಾಯ ಆಂಡ್ರಾಯ್ಡ್‌ನ ಆ್ಯಪ್‌ಗಳಲ್ಲೂ ನಡೆಯುತ್ತದೆ. ಇಂಥ ಸುತ್ತುದಾರಿ ಬೇಡವೆಂದರೆ ಐಪ್ಯಾಡ್‌ಗೆ ಪ್ಯಾಟರ್ನಿಂಗ್ ಎಂಬ ಡ್ರಮ್ ಮಷಿನ್ ಇದೆ. ಅದು ತಾಳವನ್ನು ವೃತ್ತವಾಗಿ ತೋರಿಸುತ್ತದೆ, ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಉದ್ದ ಕೊಡಲು ಬಿಡುತ್ತದೆ. ಆವರ್ತನವೆಂದರೇನೆಂದು ಬಲ್ಲ ನಿಮ್ಮಂಥವರಿಗೆ ಅದು ನೋಡಿದೊಡನೆ ಅರ್ಥವಾಗುವ ಚಿತ್ರ.

ಮೃದಂಗದ ಸದ್ದನ್ನು ಸಿಂಥ್‌ನಲ್ಲಿ ಮಾಡಲು ಹೋಗಬೇಡಿ ಎಂಬುದು ನನ್ನ ಸಲಹೆ. ಸಾಮಾನ್ಯ ಡ್ರಮ್ಮಿನ ಚರ್ಮದಲ್ಲಿ ಹುಟ್ಟುವ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ; ಮೃದಂಗದಲ್ಲಿ ಚರ್ಮದ ನಡುವಿನ ಕಪ್ಪು ಲೇಪವಾದ ಕರಣೆಯ ಭಾರದಿಂದ ಅವು ಶ್ರುತಿಬದ್ಧವಾಗಿ ಹೊಂದಿಕೊಳ್ಳುತ್ತವೆ. ಸರ್ ಸಿ.ವಿ. ರಾಮನ್ ಅವರು ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ತೋರಿಸಿದರು. ಅವರ ವಿಸ್ತೃತ ಪ್ರಬಂಧ ಪ್ರಕಟವಾದದ್ದು 1934ರಲ್ಲಿ, ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ. ಡ್ರಮ್ ಸಿಂಥ್‌ಗಳು ಪಾಶ್ಚಾತ್ಯ ಡ್ರಮ್ಮನ್ನು ಗಮನದಲ್ಲಿಟ್ಟು ರೂಪಿಸಿದವು. ಅವುಗಳಿಂದ ‘ನಂ’ಕಾರ, ‘ಧಿಂ’ಕಾರಗಳನ್ನು ಹೊರಡಿಸಲು ದಿನಗಟ್ಟಲೆ ಒದ್ದಾಡಬೇಕಾಗುತ್ತದೆ. ಮನೆಯಲ್ಲಿ ಮೃದಂಗವೇ ಇರುವಾಗ ಒಂದೊಂದು ಪಾಠಾಕ್ಷರವನ್ನೂ ಬಿಡಿಬಿಡಿಯಾಗಿ ಬಾರಿಸಿ ರೆಕಾರ್ಡ್ ಮಾಡಿ ಸ್ಯಾಂಪ್ಲರಿಗೆ ತುಂಬಿ. ಒಂದೇ ಅಕ್ಷರವನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಹಿಡಿಯಿರಿ, ಇಲ್ಲವಾದರೆ ಎಲ್ಲ ಪೆಟ್ಟುಗಳೂ ಒಂದೇ ಅಚ್ಚಿನವಾಗಿ ಕೇಳುತ್ತವೆ. ರೆಕಾರ್ಡ್ ಮಾಡುವ ಮುನ್ನ ಅಕ್ಕನ ವೀಣೆಯ ಶ್ರುತಿಗೆ ಮೃದಂಗವನ್ನು ಕೂಡಿಸಿಕೊಳ್ಳುವುದನ್ನು ಮರೆಯಬೇಡಿ. ಆಮೇಲೆ ಆ್ಯಪ್‌ನಲ್ಲಿ ಶ್ರುತಿ ಎಳೆದರೆ ನಾದ ಕೆಡುತ್ತದೆ. ಬಾಸ್ ಸಿಂಥ್ ಕೂಡ ಅದೇ ಆಧಾರ ಷಡ್ಜದಲ್ಲಿರಲಿ.

ಗಮಕದ ವಿಷಯದಲ್ಲಿ ಸಿಂಥ್‌ನ ಸದ್ದಿಗಿಂತ ಅದನ್ನು ಮುಟ್ಟುವ ಬಗೆ ಮುಖ್ಯ. ಪಿಯಾನೊ ಮಾದರಿಯ ಕೀಗಳಲ್ಲಿ ಸ್ವರಗಳು ಮೆಟ್ಟಿಲಿನಂತೆ ಬೇರೆ ಬೇರೆ ನಿಲ್ಲುತ್ತವೆ, ಮತ್ತು ಹೆಚ್ಚಿನ ಸಿಂಥ್‌ಗಳ ಪಿಚ್ ಬೆಂಡ್, ಅಂದರೆ ಸ್ವರವನ್ನು ಬಾಗಿಸುವ ಸೌಲಭ್ಯ, ಮೊದಲಿಗೆ ಎರಡು ಅರೆಸ್ವರಗಳಷ್ಟು ಮಾತ್ರ ಬಾಗುತ್ತದೆ. ಅದನ್ನು ಸೆಟ್ಟಿಂಗಿನಲ್ಲಿ 12ಕ್ಕೆ ಏರಿಸಿದರೆ ಒಂದು ಸ್ಥಾಯಿಯಷ್ಟು ಜಾರಬಹುದು, ಆದರೆ ಒಟ್ಟಿಗೆ ನುಡಿಯುತ್ತಿರುವ ಎಲ್ಲ ಸ್ವರಗಳೂ ಜೊತೆಗೇ ಜಾರುತ್ತವೆ. ಒಂದೊಂದು ಬೆರಳಿನ ಚಲನೆಯನ್ನೂ ಪ್ರತ್ಯೇಕವಾಗಿ ಗಮನಿಸುವ ‘ಎಂಪಿಇ’ ಎಂಬ ಪದ್ಧತಿ 2018ರಲ್ಲಿ ಅಧಿಕೃತವಾಯಿತು. ಅದನ್ನು ಬೆಂಬಲಿಸುವ ಆ್ಯಪ್‌ಗಳನ್ನು ಹುಡುಕಿ. ಅವುಗಳಲ್ಲಿ ಜಿಯೋಶ್ರೆಡ್ ನಿಮಗೆ ಸರಿಯಾದದ್ದು: ಅದರ ಗಾಜಿನ ಮೇಲೆ ಬೆರಳು ಜಾರಿದಂತೆ ಸ್ವರವೂ ಜಾರುತ್ತದೆ, ಬೆರಳು ನಿಂತಾಗ ಸ್ವರಸ್ಥಾನಕ್ಕೆ ತಾನೇ ಬಂದು ಕೂರುವಂತೆಯೂ ಹೊಂದಿಸಬಹುದು. ಕರ್ನಾಟಕ ಸಂಗೀತವನ್ನು ಐಪ್ಯಾಡ್‌ನಲ್ಲಿ ನುಡಿಸಿ ಹೆಸರಾದ ಮಹೇಶ್ ರಾಘವನ್ ಅವರು ಬಳಸುವುದು ಇದನ್ನೇ. ಮೋಗ್ ಸಂಸ್ಥೆಯ ಆನಿಮೋಗ್ ಕೂಡ ಸ್ವರಗಳನ್ನು ರಾಗಕ್ಕೆ ತಕ್ಕಂತೆ ಆರಿಸಿಕೊಳ್ಳಲು ಬಿಡುತ್ತದೆ.

ಸಿಂಥ್‌ನಲ್ಲಿ ರಾಗ ಕೂರುವುದಿಲ್ಲವೆಂದು ಯಾರಾದರೂ ಹೇಳಿದರೆ ಎದೆಗುಂದಬೇಡಿ. ಮುಂಬಯಿಯ ಚರಣ್‌ಜಿತ್ ಸಿಂಗ್ ಅವರು 1982ರಲ್ಲೇ ರೋಲ್ಯಾಂಡ್ ಸಿಂಥ್ ಮತ್ತು ಡ್ರಮ್ ಮಷಿನ್‌ಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದರು. ಇಲೆಕ್ಟ್ರಾನಿಕ್ ತಂಬೂರಿಯನ್ನು ಕಛೇರಿಯ ವೇದಿಕೆಗೆ ಒಪ್ಪಿಸಿದ ರಾಡೆಲ್ ಸಂಸ್ಥೆ ನಮ್ಮ ಊರಿನದೇ.

ಪ್ರಶ್ನೆ: ಹತ್ತನೇ ತರಗತಿಯ ಮಗ ಬೀಟ್ ಮಾಡಲು ಐಪ್ಯಾಡ್ ಬೇಕೇ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಬೇಕೇ?
— ತಾಯಿಯೊಬ್ಬರು, ವಿಜಯನಗರ

ಉತ್ತರ: ಅಮ್ಮ, ಸಂಗೀತದ ಆ್ಯಪ್‌ಗಳ ಮಟ್ಟಿಗೆ ಐಪ್ಯಾಡ್ ಮುಂದಿದೆ ಎಂಬುದರಲ್ಲಿ ಅನುಮಾನವಿಲ್ಲ. ಗ್ಯಾರೇಜ್‌ಬ್ಯಾಂಡ್ ಅದರಲ್ಲಿ ಉಚಿತ, ಆಡಿಯೊಕಿಟ್ ಸಿಂಥ್ ಒನ್ ಎಂಬ ಉತ್ತಮ ಸಿಂಥ್ ಕೂಡ ಉಚಿತ. ಆದರೂ ಈಗಲೇ ಕೊಡಿಸಬೇಡಿ. ಮನೆಯಲ್ಲಿರುವ ಫೋನಿನಲ್ಲಿ ಮೇಲೆ ಹೇಳಿದ ಆ್ಯಪ್‌ಗಳಲ್ಲಿ ಒಂದನ್ನು ಹಾಕಿಕೊಂಡು ಎರಡು ಮೂರು ನಿಮಿಷದ ಹಾಡೊಂದನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಿ ತೋರಿಸಲಿ, ನೀವೂ ಕುಳಿತು ಪೂರ್ತಿ ಕೇಳಿ. ಆಮೇಲೆ ಅವನು ಫೋನಿನಲ್ಲಿ ಏನು ಸಾಧ್ಯವಾಗಲಿಲ್ಲವೆಂದು ಬಿಡಿಸಿ ಹೇಳಬಲ್ಲನಾದರೆ ಕೊಡಿಸುವುದು ನ್ಯಾಯ. ಹಳೆಯ ಐಪ್ಯಾಡ್ ಕೊಳ್ಳುವುದಾದರೆ ಈಗಿನ ಐಪ್ಯಾಡ್‌ಒಎಸ್ ಅದಕ್ಕೆ ಬರುತ್ತದೆಯೇ ಎಂದು ನೋಡಿ. ಬರದಿದ್ದರೆ ಹಲವು ಹೊಸ ಆ್ಯಪ್‌ಗಳು ಅದರಲ್ಲಿ ಇಳಿಯುವುದಿಲ್ಲ.

ಪ್ರಶ್ನೆ: ಮುಗಿಸಿದ ಬೀಟನ್ನು ವೇವ್ ಆಗಿ ಉಳಿಸಬೇಕೋ ಎಂಪಿ3 ಆಗಿ ಉಳಿಸಬೇಕೋ?
— ಓದುಗರು, ಕೆಂಗೇರಿ

ಉತ್ತರ: ಮೂಲಪ್ರತಿ ಯಾವಾಗಲೂ ವೇವ್ ಆಗಿರಲಿ. 44.1 ಕಿಲೊಹರ್ಟ್ಸ್, 16 ಬಿಟ್‌ನ ಸ್ಟೀರಿಯೊ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಹಿಡಿಯುತ್ತದೆ, 48 ಕಿಲೊಹರ್ಟ್ಸ್, 24 ಬಿಟ್ ಆದರೆ 17 ಎಂಬಿ. ಗೆಳೆಯರಿಗೆ ಕಳಿಸಲು, ಸದ್ದಿನ ಕೆಲವಂಶ ಬಿಟ್ಟು ಗಾತ್ರ ಕಿರಿದಾಗಿಸುವ ಎಂಪಿ3 ಸಾಕು. ಎಂಪಿ3ಯಿಂದ ಮತ್ತೆ ವೇವ್ ಮಾಡಿದರೆ ಕಳೆದುಹೋದದ್ದು ಮರಳುವುದಿಲ್ಲ.

ಪ್ರಶ್ನೆ: ಹಳೆಯ ಕನ್ನಡ ಚಿತ್ರಗೀತೆಯ ಪಿಟೀಲಿನ ತುಣುಕೊಂದನ್ನು ಸ್ಯಾಂಪಲ್ ಮಾಡಿ ಬೀಟ್ ಕಟ್ಟಿದ್ದೇನೆ. ಏಳು ಸೆಕೆಂಡಿಗಿಂತ ಕಡಿಮೆಯಾದರೆ ತೊಂದರೆಯಿಲ್ಲ ಎನ್ನುತ್ತಾರೆ. ನಿಜವೇ? ಹಾಗೆಯೇ ನಮ್ಮ ಬೀದಿಯ ಗಣೇಶನ ಮೆರವಣಿಗೆಯ ತಮಟೆಯನ್ನೂ ಬಳಸಬೇಕೆಂದಿದ್ದೇನೆ.
— ಓದುಗರು, ಶ್ರೀನಗರ

ಉತ್ತರ: ಏಳು ಸೆಕೆಂಡಿನ ಮಾತಿಗೆ ನಮ್ಮ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಅಷ್ಟು ಹಳೆಯದಾದ ಧ್ವನಿಮುದ್ರಣವಾದರೂ ರಾಗಸಂಯೋಜನೆ ಮತ್ತು ಸಾಹಿತ್ಯದ ಹಕ್ಕು ಬೇರೆ. ಅವು ಕರ್ತೃವಿನ ಜೀವಿತಾವಧಿಯಲ್ಲಿಯೂ ನಂತರದ 60 ವರ್ಷಗಳವರೆಗೂ ಇರುತ್ತವೆ. ಮನೆಯಲ್ಲಿ ಕಲಿಯಲೆಂದು ಕತ್ತರಿಸಿ ನೋಡುವುದು ಒಂದು, ಜಾಲತಾಣಕ್ಕೆ ಏರಿಸಿ ಹಣ ಗಳಿಸುವುದು ಇನ್ನೊಂದು. ಎರಡನೆಯದಕ್ಕೆ ಅನುಮತಿ ಬೇಕೇ ಬೇಕು. ಆ ಪಿಟೀಲಿನ ಭಾವ ಬೇಕೆಂದಿದ್ದರೆ ನಿಮ್ಮದೇ ಹೊಸ ಸ್ವರಸಾಲೊಂದನ್ನು ಬರೆದು ನಿಮ್ಮ ಕಡೆಯ ಪಿಟೀಲು ವಿದ್ಯಾರ್ಥಿಯೊಬ್ಬರಿಂದ ನುಡಿಸಿಕೊಳ್ಳಿ. ಸಿದ್ಧ ಸದ್ದುಗಳಿಗೆ ಫ್ರೀಸೌಂಡ್ ತಾಣವಿದೆ. ಅಲ್ಲಿ ಪ್ರತಿಯೊಂದು ಸದ್ದಿನ ಮುಂದೆಯೂ ಪರವಾನಗಿ ಬರೆದಿರುತ್ತದೆ. ಕೆಲವನ್ನು ಹೇಗೆ ಬೇಕಾದರೂ ಬಳಸಬಹುದು, ಕೆಲವಕ್ಕೆ ಹೆಸರು ಹಾಕಬೇಕು, ಇನ್ನು ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಗ್ಯಾರೇಜ್‌ಬ್ಯಾಂಡ್ ಜೊತೆಗೆ ಬರುವ ಲೂಪುಗಳನ್ನು ನಿಮ್ಮ ಹಾಡಿನಲ್ಲಿ ಸೇರಿಸಿ ಮಾರಬಹುದು, ಲೂಪುಗಳನ್ನೇ ಬಿಡಿಯಾಗಿ ಮಾರುವಂತಿಲ್ಲ.

ತಮಟೆಯ ವಿಚಾರಕ್ಕೆ ಬಂದರೆ, ಅದನ್ನು ಖಂಡಿತ ಬಳಸಿ. ಹೊರದೇಶದ ಸ್ಯಾಂಪಲ್ ಪ್ಯಾಕುಗಳಿಗೆ ಹಣ ಸುರಿಯುವ ನಮ್ಮ ಹುಡುಗರು ತಮಟೆ, ಡೊಳ್ಳು, ನಗಾರಿ, ಕಂಸಾಳೆಗಳನ್ನು ಹತ್ತಿರದಿಂದ ಕೇಳಿಯೇ ಇಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಆದರೆ ಮೆರವಣಿಗೆಯ ಗದ್ದಲದಲ್ಲಿ ಹಿಡಿದದ್ದು ಬೀಟಿಗೆ ಬರುವುದಿಲ್ಲ: ಫೋನಿನ ಮೈಕ್ ಅಷ್ಟು ಜೋರಾದ ಸದ್ದನ್ನು ತಾಳಲಾರದೆ ಒಡೆದ ಧ್ವನಿ ಕೊಡುತ್ತದೆ, ಮಟ್ಟವನ್ನು ತಾನೇ ಏರಿಸಿ ಇಳಿಸಿ ಪೆಟ್ಟಿನ ಕಸುವನ್ನೂ ತಿಂದುಹಾಕುತ್ತದೆ. ಹಬ್ಬ ಮುಗಿದ ಬಳಿಕ ಆ ಕಲಾವಿದರನ್ನು ಬಿಡುವಾದ ಹೊತ್ತಿನಲ್ಲಿ ಕಂಡು, ತೆರೆದ ಬಯಲಿನಲ್ಲಿ, ಎರಡು ಮೂರು ಮೀಟರ್ ದೂರದಿಂದ, ಮಟ್ಟವನ್ನು ಕೈಯಲ್ಲೇ ಹೊಂದಿಸಬಲ್ಲ ರೆಕಾರ್ಡಿಂಗ್ ಆ್ಯಪ್ ಬಳಸಿ ವೇವ್ ಆಗಿ ಹಿಡಿಯಿರಿ. ತಮಟೆಯನ್ನು ಬೆಂಕಿಗೆ ಕಾಯಿಸಿದೊಡನೆ ಇರುವ ಬಿಗಿ ಆಮೇಲೆ ಸಡಿಲವಾಗುತ್ತದೆ, ಆದ್ದರಿಂದ ಕಾಯಿಸಿದ ಕೂಡಲೇ ಬಿಡಿ ಪೆಟ್ಟುಗಳನ್ನು ಮೊದಲು ಹಿಡಿದು, ನಡೆಗಳನ್ನು ನಂತರ ಹಿಡಿಯಿರಿ. ನೇರವಾಗಿ ನುಡಿಸುವ ಕಲಾವಿದರಿಗೂ ಕಾನೂನಿನಲ್ಲಿ ಪ್ರದರ್ಶನಕಾರರ ಹಕ್ಕು 50 ವರ್ಷ ಇದೆ. ಆದ್ದರಿಂದ ಯಾವುದಕ್ಕೆ ಬಳಸುತ್ತೀರೆಂದು ತಿಳಿಸಿ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ, ಒಪ್ಪಿದ ಸಂಭಾವನೆಯನ್ನು ಅಂದೇ ಕೊಡಿ, ಹಾಡನ್ನು ಏರಿಸುವಾಗ ವಿವರದಲ್ಲಿ ಅವರ ಹೆಸರನ್ನೂ ವಾದ್ಯವನ್ನೂ ನಿಮ್ಮ ಹೆಸರಿನ ಪಕ್ಕದಲ್ಲೇ ಬರೆಯಿರಿ.